ಇಂಡಿಗೋಗೆ ಲಾಭ, ಸಹಕಾರ ಸಾರಿಗೆಗೆ ಯಾಕೆ ನಷ್ಟ?

ಇವತ್ತು ಎರಡು ಸಂಸ್ಥೆಗಳ ಲೆಕ್ಕ ನೋಡೋಣ. ಒಂದು ಇಂಡಿಗೋ, ಇನ್ನೊಂದು ಕೊಪ್ಪದ ಸಹಕಾರ ಸಾರಿಗೆ. ವಿಮಾನಕ್ಕೂ ಮಲೆನಾಡಿನ ಬಸ್ಸಿಗೂ ಎಲ್ಲಿಯ ಹೋಲಿಕೆ ಅಂತೀರಾ? ಎರಡೂ ಮಾರೋದು ಒಂದೇ ವಸ್ತು, ಸೀಟು.

ಸೀಟು ಅಡಿಕೆ ಥರ ಅಲ್ಲ. ಅಡಿಕೆ ರೇಟ್ ಬಿದ್ದರೆ ಚೀಲ ಕಟ್ಟಿಟ್ಟು ಕಾಯಬಹುದು. ವಿಮಾನದ ಬಾಗಿಲು ಹಾಕಿದ ಮೇಲೆ ಖಾಲಿ ಸೀಟಿನ ಬೆಲೆ ಸೊನ್ನೆ. ಆದರೆ ಪೈಲಟ್ ಸಂಬಳ, ಇಂಧನ, ವಿಮಾನದ ಬಾಡಿಗೆ ಎಲ್ಲ ಜನ ಇದ್ದರೂ ಇಲ್ಲದಿದ್ದರೂ ಹೆಚ್ಚುಕಮ್ಮಿ ಅಷ್ಟೇ. ಬಿ.ಕಾಂ.ನಲ್ಲಿ ಫಿಕ್ಸೆಡ್ ಕಾಸ್ಟ್ ಅಂತ ಉರು ಹೊಡೆದಿದ್ದು ಇದೇ.

ನಮ್ಮ ದೇಶದಲ್ಲಿ ಈ ಲೆಕ್ಕವನ್ನ ಮೊದಲು ಜನಸಾಮಾನ್ಯರ ಹತ್ತಿರ ತಂದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 'ಸೂರರೈ ಪೋಟ್ರು' ನೋಡಿದವರಿಗೆ ಕಥೆ ಗೊತ್ತು. ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಶುರು ಮಾಡಿತು. ಕೆಲವು ಸೀಟನ್ನ ಒಂದು ರೂಪಾಯಿಗೂ ಮಾರಿದರು. ಆದರೆ ಸೀಟು ತುಂಬಿದ ಮಾತ್ರಕ್ಕೆ ದುಡ್ಡು ಉಳಿಯಲ್ಲ. ನಷ್ಟ ಬೆಳೀತು, 2007ರಲ್ಲಿ ಕಂಪನಿ ಕಿಂಗ್‌ಫಿಷರ್ ತೆಕ್ಕೆಗೆ ಹೋಯ್ತು. 2012ರಲ್ಲಿ ಕಿಂಗ್‌ಫಿಷರೇ ನೆಲಕ್ಕಿಳೀತು.

ಹಾಗಾದರೆ ಇಂಡಿಗೋ ಏನು ಬೇರೆ ಮಾಡಿತು? ಅದು ಹಾರಾಟ ಶುರು ಮಾಡಿದ್ದು 2006ರಲ್ಲಿ. ಅದಕ್ಕೂ ಮೊದಲೇ, 2005ರಲ್ಲಿ, ಏರ್‌ಬಸ್‌ಗೆ 100 ವಿಮಾನಗಳ ಆರ್ಡರ್ ಕೊಟ್ಟಿತ್ತು. ಹೋಲ್‌ಸೇಲ್‌ನಲ್ಲಿ ತಗೊಂಡರೆ ರೇಟ್ ಕಮ್ಮಿ ಅಲ್ವಾ? ಹಾಗೆ ಕಮ್ಮಿಗೆ ಸಿಕ್ಕ ವಿಮಾನವನ್ನ ಲೀಸಿಂಗ್ ಕಂಪನಿಗೆ ಮಾರಿ, ಅವರಿಂದಲೇ ಬಾಡಿಗೆಗೆ ತಗೊಳ್ಳೋದು. ಬಹಳ ವರ್ಷ ಒಂದೇ ಜಾತಿಯ ವಿಮಾನ ಇಟ್ಟುಕೊಂಡಿದ್ದರು. ಪೈಲಟ್ ತರಬೇತಿ ಒಂದೇ, ಬಿಡಿಭಾಗ ಒಂದೇ. ಇಳಿದ ವಿಮಾನ ಅರ್ಧ ಗಂಟೆ ಆಸುಪಾಸಿನಲ್ಲಿ ಮತ್ತೆ ಹೊರಡಬೇಕು, ಯಾಕಂದ್ರೆ ನಿಂತ ವಿಮಾನಕ್ಕೂ ಬಾಡಿಗೆ ಓಡ್ತಿರುತ್ತೆ. ಊಟ, ಕಿಟಕಿ ಸೀಟು, 15 ಕೆ.ಜಿ. ಮೇಲಿನ ಲಗೇಜು, ಎಲ್ಲಕ್ಕೂ ಬೇರೆ ದುಡ್ಡು.

ಇಷ್ಟೆಲ್ಲ ಮಾಡಿಯೂ ತಲೆಗೆ ಉಳಿಯೋದು ಎಷ್ಟು? 2023–24ರಲ್ಲಿ ಇಂಡಿಗೋ ಲಾಭ ಸುಮಾರು 8,172 ಕೋಟಿ, ಪ್ರಯಾಣಿಕರು 10 ಕೋಟಿಗೂ ಹೆಚ್ಚು. ಭಾಗಿಸಿ ನೋಡಿ, ಒಬ್ಬರಿಗೆ 800 ರೂಪಾಯಿಗೂ ಕಮ್ಮಿ. ಅದೂ ಎದುರಾಳಿ ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಬಾಗಿಲು ಹಾಕಿದ ವರ್ಷ!

ಈಗ ಕೊಪ್ಪಕ್ಕೆ ಬನ್ನಿ. ಶಂಕರ್ ಕಂಪನಿ ಬಸ್‌ಗಳು ನಿಂತಾಗ ಅಲ್ಲಿನ ಕಾರ್ಮಿಕರೇ ಸೇರಿ 1991ರಲ್ಲಿ ಸಾರಿಗೆ ಸಹಕಾರ ಸಂಘ ಕಟ್ಟಿದರು. ಶುರುವಾಗಿದ್ದು 6 ಬಸ್ಸಿನಿಂದ, ಬೆಳೆದಿದ್ದು 70ರ ಆಚೆಗೆ. ಡ್ರೈವರು, ಕಂಡಕ್ಟರೇ ಮಾಲೀಕರು. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರಿಗೆ ಇದರ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ. ಕಾಲೇಜಿಗೆ ಹೋಗಿದ್ದೇ ಅದರಲ್ಲಿ.

ಖರ್ಚು ಹಿಡಿಯೋದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಗಾಡಿ ಅವರದ್ದೇ ತಾನೆ? ಆದರೆ ವಿಮಾನಕ್ಕಿರೋ ಎರಡು ಸ್ವಾತಂತ್ರ್ಯ ಬಸ್ಸಿಗಿಲ್ಲ. ಒಂದು, ದರ. ಅದೇ ವಿಮಾನದಲ್ಲಿ ನಿಮ್ಮ ಟಿಕೆಟ್ 2,500, ಪಕ್ಕದವರದ್ದು 7,000 ಇರಬಹುದು. ಹಬ್ಬದ ಹಿಂದಿನ ದಿನ ಬುಕ್ ಮಾಡಿ ನೋಡಿ, ಗೊತ್ತಾಗುತ್ತೆ. ಬಸ್ಸಿನ ದರ ಸರ್ಕಾರ ಹೇಳಿದಷ್ಟೇ. ಎರಡು, ಮಾರ್ಗ. ಜನ ಬರಲಿಲ್ಲ ಅಂದ್ರೆ ವಿಮಾನವನ್ನ ಬೇರೆ ಊರಿಗೆ ತಿರುಗಿಸಬಹುದು. ಬಸ್ಸಿನ ಪರ್ಮಿಟ್‌ನಲ್ಲಿ ಮಾರ್ಗವೂ ಬರೆದಿರುತ್ತೆ, ಟೈಮೂ ಬರೆದಿರುತ್ತೆ. ಜುಲೈ ಮಳೆಯಲ್ಲಿ ಒಳಗಿನ ಹಳ್ಳಿಯಿಂದ ಹತ್ತು ಜನ ಬಂದರೂ ಡೀಸೆಲ್ ಅಷ್ಟೇ ಬೇಕು. ಸೀಟಿನ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ತೆರಿಗೆ ಬೇರೆ. ಡೀಸೆಲ್, ಬಿಡಿಭಾಗ, ವಿಮೆ ಎಲ್ಲ ಏರ್ತಾ ಹೋಯ್ತು. 2020ರ ಫೆಬ್ರವರಿಯಲ್ಲಿ ಬಸ್‌ಗಳು ನಿಂತವು, ಕೋವಿಡ್ ಲಾಕ್‌ಡೌನ್‌ಗೂ ಒಂದು ತಿಂಗಳು ಮೊದಲೇ.

ಸರಿ, ವಿಮಾನಕ್ಕೂ ಲಾಭ ಇಲ್ಲದ ಮಾರ್ಗಗಳಿವೆಯಲ್ಲ? ಇವೆ. ಅದಕ್ಕೇ ಕೇಂದ್ರದ ಉಡಾನ್ ಯೋಜನೆ ಇರೋದು. ಸಣ್ಣ ಊರಿಗೆ ಹಾರುವ ಕಂಪನಿ ಒಂದಷ್ಟು ಸೀಟನ್ನ ನಿಗದಿತ ದರದಲ್ಲಿ ಮಾರಬೇಕು, ಅದರಿಂದ ಆಗೋ ಕೊರತೆಯನ್ನ ಮೂರು ವರ್ಷ ಯೋಜನೆಯೇ ತುಂಬಿಕೊಡುತ್ತೆ. ಇಂಧನದ ತೆರಿಗೆಯಲ್ಲೂ ರಾಜ್ಯಗಳು ರಿಯಾಯಿತಿ ಕೊಡ್ತವೆ. 2023ರಲ್ಲಿ ಶುರುವಾದ ಶಿವಮೊಗ್ಗ ವಿಮಾನ ನಿಲ್ದಾಣದಿಂದ ಸ್ಟಾರ್ ಏರ್ ಹೈದರಾಬಾದ್, ತಿರುಪತಿ, ಗೋವಾಕ್ಕೆ ಹಾರಾಟ ಶುರು ಮಾಡಿದ್ದು ಉಡಾನ್ ಅಡಿಯಲ್ಲೇ. ನನಗೆ ಅದರ ಮೇಲೆ ತಕರಾರಿಲ್ಲ, ತಿರುಪತಿಗೆ ವಿಮಾನ ಬೇಕು ಅನ್ನೋರೂ ನಮ್ಮವರೇ. ಆದರೆ ಬೆಳಿಗ್ಗೆ ಏಳೂವರೆಗೆ ಹಳ್ಳಿಯಿಂದ ಕೊಪ್ಪಕ್ಕೆ ಬರೋ ಬಸ್ಸಿನ ಕೊರತೆ ತುಂಬೋಕೆ ಇಂಥದ್ದೇ ಒಂದು ಯೋಜನೆ ಯಾಕಿಲ್ಲ? ಒಂದು ವಿಮಾನದ ಒಂದು ಹಾರಾಟಕ್ಕೆ ಕೊಡೋ ದುಡ್ಡಿನಲ್ಲಿ ಆ ಬಸ್ ಎಷ್ಟು ದಿನ ಓಡಬಹುದು ಅಂತ ಯಾರಾದರೂ ಲೆಕ್ಕ ಹಾಕಬೇಕು.

ನಿಮ್ಮ ಊರಲ್ಲಿ ನಿಂತುಹೋದ ಬಸ್ ಟ್ರಿಪ್ ಯಾವುದು, ಎಷ್ಟು ಗಂಟೆಯದ್ದು, ಈಗ ಹೇಗೆ ಓಡಾಡ್ತಿದ್ದೀರಿ? ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಅವನ್ನೇ ಕೇಳಿಸ್ತೀನಿ.