ಶಾಲೆಯ ಲಾಂಛನ ಮಳೆಯಾದರೆ

ಪ್ರಾಥಮಿಕ ಶಾಲೆಗೂ ಒಂದು ಲಾಂಛನ ಬೇಕೆ? ಬೇಕು ಎಂದೇ ನನ್ನ ವಾದ. ಆದರೆ ಅದು ಊರಿನ ಬದುಕಿನಿಂದ ಬಂದಿರಬೇಕು, ಮಕ್ಕಳ ಕೈಗೆ ಕೆಲಸ ಕೊಡುವಂತಿರಬೇಕು. ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದ ಮೊದಲ ತರಗತಿಗಳು ಶುರುವಾಗಬೇಕಿದ್ದ 1926ರಲ್ಲೇ ಆ ಊರಿಗೆ ಭೀಕರ ಚಂಡಮಾರುತ ಅಪ್ಪಳಿಸಿತು. ಅಲ್ಲಿನ ಆಟಗಾರರು ಇಂದಿಗೂ ಚಂಡಮಾರುತದ ಹೆಸರಿನಲ್ಲೇ ಅಂಕಣಕ್ಕಿಳಿಯುತ್ತಾರೆ. ನಮ್ಮಲ್ಲಿ ಮಕ್ಕಳನ್ನು ಕಾವೇರಿ, ಕೃಷ್ಣಾ, ತುಂಗಾ ಎಂದು ತಂಡ ಮಾಡುವ ರೂಢಿಯುಂಟು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಸುತ್ತ ಇವು ಯಾವುವೂ ಹರಿಯುವುದಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೂ ಮಳೆ ಬಂದರಷ್ಟೇ ಜೀವ. ರಾಗಿ ಹೊಲ, ಕೆರೆ, ಪುಷ್ಯದ ಜಾತ್ರೆಗೆ ಬರುವ ದನಗಳ ಮೇವು, ಎಲ್ಲಕ್ಕೂ ಅಲ್ಲಿ ಮಳೆಯೇ ದಿಕ್ಕು.

ಘಾಟಿ ಎಂದೊಡನೆ ಹಲವರು ಲಾಂಛನಕ್ಕೆ ನವಿಲನ್ನು ಸೂಚಿಸಬಹುದು. ಸುಬ್ರಹ್ಮಣ್ಯನ ವಾಹನ, ಮೋಡ ಕಂಡರೆ ಗರಿಗೆದರುವ ಹಕ್ಕಿ, 1963ರಿಂದ ರಾಷ್ಟ್ರಪಕ್ಷಿ ಬೇರೆ. ಚಂದದ ಆಯ್ಕೆಯೇ. ಆದರೂ ಎಲ್ಲ ಮತದ ಮಕ್ಕಳು ಕೂರುವ ಸರ್ಕಾರಿ ಶಾಲೆಗೆ ಮೋಡವೇ ವಾಸಿ. ತಂಡಗಳಿಗೆ ರೋಹಿಣಿ, ಆರಿದ್ರಾ, ಮಖೆ, ಸ್ವಾತಿ ಎಂದು ಮಳೆಗಳ ಹೆಸರಿಡಿ. ನಕ್ಷತ್ರಗಳು ಪಂಚಾಂಗದವಲ್ಲವೇ ಎನ್ನಬಹುದು. ಅವನ್ನು ಎಣಿಸಿಕೊಂಡು ಬಿತ್ತುವ ರೈತರಲ್ಲಿ ಎಲ್ಲ ಮತದವರೂ ಇದ್ದಾರೆ. ಶಾಲೆ ಬಾಗಿಲು ತೆರೆಯುವುದೂ ಹೆಚ್ಚುಕಡಿಮೆ ರೋಹಿಣಿ ಮಳೆಯ ಹೊತ್ತಿಗೇ. ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ. ಯಾರ ಮಳೆ ನಡೆಯುತ್ತಿದೆಯೋ ಆ ತಂಡದ್ದೇ ಪ್ರಾರ್ಥನೆಯ ಮುಂದಾಳತ್ವ.

ಕೊಠಡಿ ಸೋರುವಾಗ, ಮೇಷ್ಟರು ಸಾಲದಿರುವಾಗ ಲಾಂಛನದ ಚಿಂತೆ ಯಾಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಸೋರುವ ಕೊಠಡಿ ಮೊದಲು ರಿಪೇರಿಯಾಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಹೇಳುತ್ತಿರುವುದಕ್ಕೆ ಅನುದಾನವೇ ಬೇಡ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಪದ್ಧತಿಯ ತರಗತಿಗಳಲ್ಲಿ ಗೋಡೆಗೊಂದು ಹವಾಮಾನ ನಕ್ಷೆ ಇರುತ್ತದೆ. ಬಿಸಿಲೋ ಮೋಡವೋ ಮಳೆಯೋ ಎಂದು ಪುಟ್ಟ ಮಕ್ಕಳೇ ನೋಡಿ ಗುರುತು ಹಾಕುತ್ತಾರೆ. ಅದನ್ನೇ ಇಡೀ ಶಾಲೆಗೆ ಹಿಗ್ಗಿಸಿದರಾಯಿತು. ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು, ತಲೆಕೆಳಗಾಗಿ ಅದರ ಬಾಯಿಗೇ ಕೂರಿಸಿ, ಪಕ್ಕಕ್ಕೆ ಅಳತೆಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಬೆಳಗಿನ ಪ್ರಾರ್ಥನೆಯಲ್ಲಿ ವಾರ್ತೆ, ಪಂಚಾಂಗ ಓದುವ ಕಡೆ ನಿನ್ನೆಯ ಮಳೆ ಎಷ್ಟು ಮಿಲಿಮೀಟರ್ ಎಂದೂ ಓದಲಿ. ಇದು ನಮ್ಮ ಶಾಲೆ ಎಂಬ ಅಭಿಮಾನ ಹುಟ್ಟುವುದು ಇಂಥ ದಿನದ ಹೊಣೆಯಿಂದ. ವರ್ಷಕ್ಕೊಮ್ಮೆ ಕೂಗುವ ಘೋಷಣೆಗೆ ಅಷ್ಟು ಕಸುವಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ಬರದ್ದು. ಮಳೆ ಕೈಕೊಟ್ಟ ವರ್ಷ ಆ ಲಾಂಛನ ನಗೆಪಾಟಲಾಗದೆ? ಆಗಲಿಕ್ಕಿಲ್ಲ, ಸೊನ್ನೆಯನ್ನೂ ಬರೆದಿಡುವ ಶಿಸ್ತಿದ್ದರೆ. ತಂಡಗಳೂ ತಮ್ಮ ಮಳೆ ಬಂದದ್ದಕ್ಕೆ ಬೀಗುವಂತಿಲ್ಲ, ಬಾರದ್ದಕ್ಕೆ ಕುಗ್ಗುವಂತಿಲ್ಲ. ಅಂಕ ಸಿಗುವುದು ತಪ್ಪದೆ ಅಳೆದದ್ದಕ್ಕೆ. ಒಂದನೇ ತರಗತಿಗೆ ಸೇರಿದ ಮಗು ಏಳನೆಯದನ್ನು ಮುಗಿಸುವಷ್ಟರಲ್ಲಿ ಊರಿನ ಏಳು ವರ್ಷದ ಮಳೆಯ ಲೆಕ್ಕ ಶಾಲೆಯ ಪುಸ್ತಕದಲ್ಲಿರುತ್ತದೆ. ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಂಕಿಯ ಜೊತೆ ಅದನ್ನು ತಾಳೆ ನೋಡಿ, ವ್ಯತ್ಯಾಸ ಯಾಕೆ ಬಂತು ಸಾರ್ ಎಂದು ಆ ಮಗು ಮೇಷ್ಟರನ್ನು ಕೇಳಬಹುದು.