ಕೆಲಸದಲ್ಲಿರುವ ಇಂಜಿನಿಯರುಗಳಿಗೆ ಆನ್‌ಲೈನ್ ತರಬೇತಿ: ಏನು, ಹೇಗೆ, ಯಾರ ಹಣದಿಂದ?

(ಟ್ರಸ್ಟಿನ ವಾರ್ಷಿಕ ಮಹಾಸಭೆಯಲ್ಲಿ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣ)



ಮೊದಲಿಗೆ ಹಣದ ಮಾತು. ತಿಂಗಳ ಸಂಬಳ ಪಡೆಯುವ ಸಾಫ್ಟ್‌ವೇರ್ ಇಂಜಿನಿಯರುಗಳಿಗೆ ನಾವು ತರಬೇತಿ ಏರ್ಪಡಿಸುತ್ತೇವೆ ಎಂದಾಗ ನಿಮ್ಮಲ್ಲಿ ಹಲವರು ಕೇಳಿದಿರಿ, "ನಮ್ಮ ಝಕಾತ್ ಇವರಿಗೇಕೆ?" ಕೇಳಲೇಬೇಕಾದ ಪ್ರಶ್ನೆ. ಝಕಾತ್ ಯಾರಿಗೆ ಸಲ್ಲಬೇಕೆಂಬುದನ್ನು ಪವಿತ್ರ ಕುರ್‌ಆನಿನ ಅತ್ತೌಬಾ ಅಧ್ಯಾಯದ 60ನೇ ವಚನ ಎಂಟು ವರ್ಗಗಳಾಗಿ ಹೇಳಿದೆ. ಸ್ವಂತ ದುಡಿಮೆಯಿಂದ ಮನೆ ಚೆನ್ನಾಗಿ ನಡೆಸುತ್ತಿರುವ ಇಂಜಿನಿಯರನಿಗೆ ಅದರಲ್ಲಿ ಪಾಲಿಲ್ಲ. ಆದ್ದರಿಂದ ಝಕಾತ್ ಖಾತೆಯಿಂದ ಒಂದು ರೂಪಾಯಿಯೂ ಇದಕ್ಕೆ ಹೋಗುವುದಿಲ್ಲ. ಒಂದು ವಿದ್ಯಾರ್ಥಿವೇತನವೂ ಇದರಿಂದ ಕಡಿಮೆಯಾಗುವುದಿಲ್ಲ. ತರಬೇತಿಯ ಖರ್ಚನ್ನು ಸೇರುವವರೇ ಶುಲ್ಕವಾಗಿ ಕೊಡುತ್ತಾರೆ. ಕೆಲಸ ಕಳೆದುಕೊಂಡವರ ಶುಲ್ಕವನ್ನು ಮಾತ್ರ, ಈ ಉದ್ದೇಶಕ್ಕೆಂದೇ ಕೊಟ್ಟ ಸದಕಾದಿಂದ ಭರಿಸಲಾಗುವುದು.

ಹಾಗಾದರೆ ಟ್ರಸ್ಟ್ ಏಕೆ ಇದಕ್ಕೆ ಕೈ ಹಾಕಬೇಕು? ನಾವು ನಾಲ್ಕು ವರ್ಷ ಓದಿಸಿದ ಮಗು ಕೆಲಸಕ್ಕೆ ಸೇರಿದ ಮೇಲೆ ನಮ್ಮ ಕಣ್ಣಿನಿಂದ ಮರೆಯಾಗುತ್ತದೆ. ಕಷ್ಟ ಶುರುವಾಗುವುದು ಅಲ್ಲಿ. ಕಾಲೇಜಿನಲ್ಲಿ ಡೇಟಾ ಸ್ಟ್ರಕ್ಚರ್ ಕಲಿತಿರುತ್ತಾರೆ, ಆಪರೇಟಿಂಗ್ ಸಿಸ್ಟಮ್ ಕಲಿತಿರುತ್ತಾರೆ, ಖಾಲಿ ಪರದೆಯ ಮೇಲೆ ಹೊಸ ಪ್ರೋಗ್ರಾಮ್ ಬರೆದು ಅಂಕ ಪಡೆದಿರುತ್ತಾರೆ. ಕಚೇರಿಯಲ್ಲಿ ಎದುರಾಗುವುದು ಯಾರ‍್ಯಾರೋ ವರ್ಷಗಟ್ಟಲೆ ಬರೆದಿಟ್ಟ ಲಕ್ಷಾಂತರ ಸಾಲುಗಳ ಕೋಡ್. ಅದನ್ನು ಓದಬೇಕು, ಅದರಲ್ಲಿನ ತಪ್ಪು ಹುಡುಕಬೇಕು, ಬೇರೇನೂ ಕೆಡದಂತೆ ಒಂದು ಸಾಲು ಬದಲಿಸಬೇಕು. ಇದು ನಮ್ಮ ಊರಿನ ಕಾಲೇಜುಗಳ ಕೊರತೆ ಮಾತ್ರವಲ್ಲ. ಅಮೆರಿಕದ ಎಂಐಟಿಯಲ್ಲೇ 2020ರಲ್ಲಿ ಇಂಥ ದಿನನಿತ್ಯದ ಕೌಶಲಗಳ ಕಿರು ಪಾಠಮಾಲೆ ನಡೆಸಿ, ಅದಕ್ಕೆ 'ಬಿಟ್ಟುಹೋದ ಸೆಮಿಸ್ಟರ್' ಎಂಬರ್ಥದ ಹೆಸರಿಟ್ಟರು.

ಪಠ್ಯಕ್ರಮ ರಚಿಸುವಾಗ ನಾವು ವಿಷಯಗಳ ಪಟ್ಟಿಯಿಂದ ಆರಂಭಿಸಲಿಲ್ಲ. ಹಿಂದೆ ನಮ್ಮ ನೆರವಿನಿಂದ ಓದಿ ಈಗ ಬೆಂಗಳೂರು, ಮಂಗಳೂರು, ದುಬೈ, ರಿಯಾದ್‌ಗಳಲ್ಲಿರುವವರನ್ನು ಕೇಳಿದೆವು: ಕಚೇರಿಯಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ? ಹೊಸ ತಂತ್ರಜ್ಞಾನದ ಹೆಸರು ಹೇಳಿದವರು ಕಡಿಮೆ. ಹಿರಿಯರು ಕೋಡ್ ವಾಪಸ್ ಕಳಿಸಿದರೆ ಏಕೆಂದು ತಿಳಿಯುವುದಿಲ್ಲ, ಡೇಟಾಬೇಸ್ ನಿಧಾನವಾದರೆ ಎಲ್ಲಿ ನೋಡಬೇಕೆಂದು ಗೊತ್ತಾಗುವುದಿಲ್ಲ, ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಧೈರ್ಯ ಬರುವುದಿಲ್ಲ. ಬಂದ ಉತ್ತರಗಳು ಹೆಚ್ಚಾಗಿ ಇಂಥವೇ. 12 ವಾರಗಳ ಪಾಠ ಇವುಗಳ ಸುತ್ತ ಇದೆ. ಗಿಟ್ ಮತ್ತು ಬೇರೆಯವರ ಕೋಡ್ ಓದುವುದರಿಂದ ಆರಂಭ. ನಂತರ ಟೆಸ್ಟ್ ಬರೆಯುವುದು, ದೋಷ ಪತ್ತೆ, ಡೇಟಾಬೇಸಿನ ಇಂಡೆಕ್ಸ್. ಕೊನೆಗೆ ಸರ್ವರ್ ನಿಂತುಹೋದಾಗ ಲಾಗ್ ನೋಡಿ ಕಾರಣ ಹಿಡಿಯುವುದು. ಪಾಠ ಕನ್ನಡದಲ್ಲಿ, ಪ್ರಶ್ನೆ ಬ್ಯಾರಿಯಲ್ಲೋ ಉರ್ದುವಿನಲ್ಲೋ ಕೇಳಿದರೂ ಸರಿ. ಬರವಣಿಗೆ ಮಾತ್ರ ಇಂಗ್ಲಿಷಿನಲ್ಲಿ, ಏಕೆಂದರೆ ಕಚೇರಿಯಲ್ಲಿ ಅದು ತಪ್ಪದು.

ವೀಡಿಯೊ ಪಾಠಗಳನ್ನು ಕೊಳ್ಳುವುದು ಬೇಡವೆಂದು ಸಮಿತಿ ತೀರ್ಮಾನಿಸಿತು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. 'ಪ್ರೊ ಗಿಟ್' ಪುಸ್ತಕವೂ ಉಚಿತ. ದುಡ್ಡು ಕೊಟ್ಟು ಕೊಂಡ ಕೋರ್ಸುಗಳು ಎಷ್ಟು ಜನರ ಫೋನಿನಲ್ಲಿ ಅರ್ಧಕ್ಕೇ ನಿಂತಿವೆ ಎಂಬುದನ್ನು ಇಲ್ಲಿರುವ ಯುವಕರು ನಮಗಿಂತ ಚೆನ್ನಾಗಿ ಬಲ್ಲರು! ಸಿಗದಿರುವುದು ಒಂದೇ: ಅನುಭವಿಯೊಬ್ಬರು ನಾವು ಬರೆದದ್ದನ್ನು ಸಾಲುಸಾಲಾಗಿ ಓದಿ, "ಇದನ್ನು ಹೀಗೇಕೆ ಬರೆದೆ?" ಎಂದು ಕೇಳುವ ಸಮಯ. ಶುಲ್ಕದ ಬಹುಪಾಲು ಆ ಸಮಯಕ್ಕೇ ಹೋಗುತ್ತದೆ. ಆರು ಜನರಿಗೆ ಒಬ್ಬ ಮಾರ್ಗದರ್ಶಕ. ಮೊದಲ ತಂಡದಲ್ಲಿ ಒಟ್ಟು 24 ಮಂದಿ. ಇನ್ನಷ್ಟು ಜನರನ್ನು ಸೇರಿಸಿಕೊಳ್ಳಬಹುದಲ್ಲ ಎಂದು ಟ್ರಸ್ಟಿಗಳೊಬ್ಬರು ಹೇಳಿದರು. ಸೇರಿಸಿದರೆ ಅದು ಮತ್ತೊಂದು ವೀಡಿಯೊ ಪಾಠವಾದೀತು. ಎಐ ಬಳಸಿ ಕೋಡ್ ಬರೆಸಿಕೊಂಡರೂ ಅಡ್ಡಿಯಿಲ್ಲ. ಆದರೆ ಪ್ರತಿ ಸಾಲಿಗೂ ಮಾರ್ಗದರ್ಶಕರ ಮುಂದೆ ಉತ್ತರ ಹೇಳಬೇಕು.

ಅಭ್ಯಾಸಕ್ಕೆ ಯಾವ ಕೋಡ್? ಕಂಪೆನಿಯ ಕೋಡನ್ನು ಹೊರಗೆ ತರುವಂತಿಲ್ಲ. ಅದು ಒಪ್ಪಂದದ ಮಾತೂ ಹೌದು, ಅಮಾನತ್ತಿನ ಮಾತೂ ಹೌದು. ಹಾಗಾಗಿ ನಮ್ಮ ವಿದ್ಯಾರ್ಥಿವೇತನದ ಅರ್ಜಿಗಳನ್ನು ಸ್ವೀಕರಿಸಿ, ಪರಿಶೀಲಿಸುವ ಒಂದು ತಂತ್ರಾಂಶವನ್ನೇ ಅವರಿಂದ ಕಟ್ಟಿಸುತ್ತೇವೆ. ಇಲ್ಲಿ ಕುಳಿತಿರುವ ತಾಯಂದಿರಿಗೆ ಒಂದು ಮಾತು: ನೀವು ಕೊಟ್ಟ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಮನೆಯ ಕಷ್ಟದ ಪತ್ರ ಇವುಗಳಲ್ಲಿ ಒಂದನ್ನೂ ಆ ಅಭ್ಯಾಸಕ್ಕೆ ಬಳಸುವುದಿಲ್ಲ. ಕಲ್ಪಿತ ಹೆಸರು, ಕಲ್ಪಿತ ಅಂಕಿಗಳಿಂದಲೇ ಕೆಲಸ ನಡೆಯುತ್ತದೆ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಅದು ಬರದಿದ್ದರೂ ನಿಮ್ಮ ಮನೆಯ ಗುಟ್ಟು ನಮ್ಮ ಬಳಿ ಅಮಾನತ್ತೇ.

ಸಮಯದ ವಿಷಯದಲ್ಲಿ ತುಂಬ ಚರ್ಚೆಯಾಯಿತು. ಸೌದಿಯಲ್ಲಿ ಶುಕ್ರವಾರ-ಶನಿವಾರ ರಜೆ. ಯುಎಇಯಲ್ಲಿ 2022ರಿಂದ ಸರಕಾರಿ ಕಚೇರಿಗಳಿಗೆ ಶನಿವಾರ-ಭಾನುವಾರ. ಬೆಂಗಳೂರಿನ ಐಟಿ ಕಂಪೆನಿಗಳಲ್ಲೂ ಸಾಮಾನ್ಯವಾಗಿ ಹಾಗೆಯೇ. ಮೂರಕ್ಕೂ ಸಮಾನವಾಗಿ ಸಿಗುವುದು ಶನಿವಾರ ಒಂದೇ. ನಮ್ಮಲ್ಲಿ ಬೆಳಗ್ಗೆ ಹತ್ತೂವರೆಯಾದರೆ ದುಬೈಯಲ್ಲಿ ಒಂಬತ್ತು, ರಿಯಾದ್‌ನಲ್ಲಿ ಎಂಟು. ಆದರೆ ಮದುವೆ, ಹೆರಿಗೆಯ ಬಳಿಕ ಮತ್ತೆ ಕೆಲಸಕ್ಕೆ ಮರಳಿರುವ ಸಹೋದರಿಯರು, ಶನಿವಾರ ಬೆಳಗ್ಗೆ ಮನೆಯಲ್ಲಿ ಪುರುಸೊತ್ತೇ ಇರುವುದಿಲ್ಲ ಎಂದರು. ಅವರಿಗಾಗಿ ನಾಲ್ಕರಲ್ಲಿ ಒಂದು ಗುಂಪು ರಾತ್ರಿ ಇಶಾ ನಮಾಝಿನ ಬಳಿಕ, ಮಹಿಳಾ ಮಾರ್ಗದರ್ಶಕಿಯೊಂದಿಗೆ. ರಮಝಾನಿನಲ್ಲಿ ತರಗತಿ ಇಲ್ಲ.

ತರಬೇತಿ ಮುಗಿಸಿದವರು ಮುಂದಿನ ತಂಡದವರ ಕೋಡ್ ಓದಲು ಆರು ದಿನ ಕೊಡಬೇಕೆಂಬುದು ನಮ್ಮ ಏಕೈಕ ಕರಾರು.

ಅರ್ಜಿ ನಮೂನೆ ಈ ವರದಿಯ ಜೊತೆಗೇ ಇದೆ. ಅಂಕಪಟ್ಟಿ ಬೇಡ. ಕಳೆದ ಒಂದು ತಿಂಗಳಲ್ಲಿ ಕಚೇರಿಯಲ್ಲಿ ನೀವು ಪರಿಹರಿಸಲಾಗದೆ ಉಳಿದ ಒಂದು ಕೆಲಸ ಯಾವುದು, ಎಲ್ಲಿ ತಡವರಿಸಿದಿರಿ ಎಂಬುದನ್ನು ಕಂಪೆನಿಯ ಹೆಸರು ಹೇಳದೆ, ನಿಮಗೆ ಬರುವ ಭಾಷೆಯಲ್ಲಿ ಒಂದು ಪುಟ ಬರೆದು ಕೊಡಿ. ಇನ್ಶಾ ಅಲ್ಲಾಹ್, ಆ ಪುಟಗಳನ್ನು ಓದಿಯೇ ಗುಂಪುಗಳನ್ನು ಮಾಡುತ್ತೇವೆ.