ತಿಳಿನೀರಿನ ಸಾಕ್ಷ್ಯ

(ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನೀರು ತಿಳಿಯಾಗಿದ್ದರೆ ಶುದ್ಧವೆಂದು ನಾವೆಲ್ಲರೂ ನಂಬಿರುವೆವು. ಕಾಸರಗೋಡು ಸೀಮೆಯವರಾದ ನಮಗಂತೂ ಈ ನಂಬಿಕೆ ಇನ್ನಷ್ಟು ದೃಢವಾದುದು. ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದ ಸುರಂಗದಿಂದ ಒಸರುವ ನೀರನ್ನು ಕುಡಿದು ಬೆಳೆದವರಲ್ಲವೇ ನಾವು? ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಸಲುವಾಗಿ ನಿಮ್ಮನ್ನು ಬಹುದೂರ, ಮೇಘಾಲಯದ ಜೈಂತಿಯಾ ಬೆಟ್ಟಗಳಿಗೆ ಕರೆದೊಯ್ಯಬೇಕಾಗಿದೆ. ಅಲ್ಲಿಯೂ ನೆಲದ ಒಡಲನ್ನು ಕೊರೆದರು. ನೀರಿಗಾಗಿ ಅಲ್ಲ, ಕಲ್ಲಿದ್ದಲಿಗಾಗಿ. ಮನುಷ್ಯನು ತೆವಳಿಯೇ ನುಗ್ಗಬೇಕಾದ ಆ ಗಣಿಗಳಿಗೆ ಇಲಿಬಿಲಗಳೆಂದೇ ಹೆಸರು.

ಆ ಸೀಮೆಯ ಲುಖಾ ನದಿಯು ೨೦೦೭ರ ಸುಮಾರಿನಿಂದ ಚಳಿಗಾಲದಲ್ಲಿ ಗಾಢ ನೀಲವರ್ಣವನ್ನು ತಾಳತೊಡಗಿತು. ನೋಡುವವರಿಗೆ ಕಣ್ಣಿನ ಹಬ್ಬ. ನದಿಯಲ್ಲಿ ಮಾತ್ರ ಮೀನುಗಳು ಸತ್ತು ತೇಲಿದವು. ಬೇರೆ ಕೆಲವು ತೊರೆಗಳಲ್ಲಿ ಕಲ್ಲುಗಳ ಮೇಲೆ ಕಾವಿಬಣ್ಣದ ಲೇಪ ಕೂತಿತು.

ಕಾರಣವೇನು? ಅಲ್ಲಿನ ಕಲ್ಲಿದ್ದಲಿನೊಡನೆ ಗಂಧಕ ಮತ್ತು ಕಬ್ಬಿಣಗಳು ಕೂಡಿದ ಪೈರೈಟ್ ಎಂಬ ಖನಿಜವಿದೆ. ಭೂಗರ್ಭದಲ್ಲಿ ಮುಚ್ಚಿಕೊಂಡಿರುವಷ್ಟು ಕಾಲ ಅದು ನಿರುಪದ್ರವಿ. ಅಗೆದು ತೆರೆದೊಡನೆ ಗಾಳಿ ನೀರುಗಳ ಸಂಪರ್ಕದಿಂದ ಗಂಧಕಾಮ್ಲವು ಹುಟ್ಟುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಈ ಕ್ರಿಯೆಯನ್ನು ತ್ವರೆಗೊಳಿಸುತ್ತವೆ. ಆಮ್ಲವು ಬಂಡೆಗಳೊಳಗಿನ ಲೋಹಗಳನ್ನೂ ಕರಗಿಸಿಕೊಂಡು ತೊರೆಗೆ ಇಳಿಯುತ್ತದೆ. ಕೆಳಗಿನ ಕೊಪಿಲಿ ಜಲವಿದ್ಯುತ್ ಕೇಂದ್ರದ ಉಕ್ಕಿನ ಯಂತ್ರಗಳನ್ನೇ ಆಮ್ಲನೀರು ಸವೆಸಿತೆಂದ ಮೇಲೆ ಮೀನಿನ ಕಿವಿರುಗಳ ಪಾಡನ್ನು ಹೇಳಬೇಕೇ?

ಇನ್ನು ಪರೀಕ್ಷೆಯ ಮಾತು. ಆಮ್ಲತೆಯನ್ನು ಅಳೆಯುವ ಮಾನಕ್ಕೆ ಪಿಎಚ್ ಎಂದು ಹೆಸರು. ೭ ಎಂದರೆ ತಟಸ್ಥ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಪಿಎಚ್ ೬.೫ರಿಂದ ೮.೫ರ ಒಳಗಿರಬೇಕು. ಈ ಅಳತೆಯಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ೭ರಿಂದ ೪ಕ್ಕೆ ಇಳಿದರೆ ಸಾವಿರ ಪಟ್ಟು! ಆದರೆ ಪಿಎಚ್ ಒಂದನ್ನೇ ನೆಚ್ಚುವವನು ಮೋಸಹೋದಾನು. ಜೈಂತಿಯಾದಲ್ಲಿ ಸುಣ್ಣಕಲ್ಲು ವಿಪುಲ. ಆಮ್ಲನೀರು ಅದರ ಬಿರುಕುಗಳಲ್ಲಿ ಹರಿದು ಎಲ್ಲಿಯೋ ದೂರದಲ್ಲಿ ಬುಗ್ಗೆಯಾಗಿ ಚಿಮ್ಮುವಷ್ಟರಲ್ಲಿ ಸುಣ್ಣವು ಆಮ್ಲವನ್ನು ಅಡಗಿಸಿರಬಹುದು. ಆಗ ಪಿಎಚ್ ಸಾಧುವಾಗಿಯೇ ಕಾಣುತ್ತದೆ. ಆದರೂ ಗಂಧಕಾಮ್ಲದ ಗುರುತಾದ ಸಲ್ಫೇಟು ಬಹುಮಟ್ಟಿಗೆ ನೀರಿನಲ್ಲಿಯೇ ಉಳಿದಿರುತ್ತದೆ. ಕಳ್ಳನು ವೇಷ ಬದಲಿಸಿದರೂ ಹೆಜ್ಜೆಯ ಗುರುತು ಹೋಗದು. ಆದುದರಿಂದಲೇ ಬುಗ್ಗೆಗಳಲ್ಲಿ ಸಲ್ಫೇಟನ್ನು ತಪ್ಪದೆ ಅಳೆಯಬೇಕು. ಲೀಟರಿಗೆ ೨೦೦ ಮಿಲಿಗ್ರಾಮಿನೊಳಗಿದ್ದರೆ ಲೇಸೆಂದು ನಮ್ಮ ಮಾನಕವು ಹೇಳುತ್ತದೆ.

ಒಂದು ದಿನ ಒಂದು ಸೀಸೆ ನೀರನ್ನು ತಂದು ತೀರ್ಪು ಕೊಡುವುದು ಸಲ್ಲದು. ಗಣಿಯ ಮೇಲ್ಗಡೆ ಒಂದು, ಕೆಳಗಡೆ ಒಂದು, ಗೊತ್ತುಮಾಡಿದ ಅದೇ ಸ್ಥಳಗಳಲ್ಲಿ ತಿಂಗಳು ತಿಂಗಳೂ ನೀರೆತ್ತಬೇಕು. ಮಳೆಗಾಲದ ಪ್ರವಾಹದಲ್ಲಿ ದೋಷವು ತೆಳುವಾಗಿ ಕಂಡೀತು; ಮೊದಲ ಮಳೆಯಾದರೋ ಬೇಸಿಗೆಯೆಲ್ಲ ಕೂಡಿಟ್ಟ ವಿಷವನ್ನು ಒಮ್ಮೆಗೇ ತೊಳೆದು ತರಬಹುದು. ಸೀಸೆಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು ತುಂಬಬೇಕು. ಪಿಎಚ್‌ಅನ್ನು ತೊರೆಯ ದಂಡೆಯಲ್ಲಿಯೇ ನೋಡಬೇಕು. ಕಲ್ಲುಗಳ ಅಡಿಯಲ್ಲಿ ಹುಳುಗಳಿವೆಯೇ ಎಂದು ಮಗುಚಿ ನೋಡುವುದೂ ಪರೀಕ್ಷೆಯೇ. ಅಗ್ಗವಾದ ಪರೀಕ್ಷೆ, ಆದರೆ ಹುಳು ಸುಳ್ಳು ಹೇಳುವುದು ಅಪರೂಪ.

ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ೨೦೧೪ರ ಏಪ್ರಿಲಿನಲ್ಲಿ ಇಲಿಬಿಲ ಗಣಿಗಾರಿಕೆಯನ್ನು ನಿಷೇಧಿಸಿತು. ೨೦೧೯ರಲ್ಲಿ ಮೇಘಾಲಯ ಸರ್ಕಾರಕ್ಕೆ ೧೦೦ ಕೋಟಿ ರೂಪಾಯಿ ವಿಧಿಸಿತು. ನಿಷೇಧದ ಬಳಿಕವೂ ಕದ್ದು ಅಗೆಯುವವರಿದ್ದರು. ೨೦೧೮ರ ಡಿಸೆಂಬರಿನಲ್ಲಿ ಕ್ಸಾನ್ ಎಂಬಲ್ಲಿ ಗಣಿಗೆ ನೀರು ನುಗ್ಗಿ ಹದಿನೈದು ಮಂದಿ ಸಿಕ್ಕಿಬಿದ್ದರು. ಅಗೆಯುವುದನ್ನು ನಿಲ್ಲಿಸಿದ ಮಾತ್ರಕ್ಕೆ ತೆರೆದ ಬಿಲಗಳಿಂದ ಆಮ್ಲ ಒಸರುವುದು ನಿಲ್ಲುವುದೂ ಇಲ್ಲ. ಗಣಿಗೆ ಮುಂಚಿನ ನೀರಿನ ಲೆಕ್ಕವಿಲ್ಲದ ಕಡೆಗಳಲ್ಲಿ ಗಣಿಯಿಲ್ಲದ ನೆರೆಗುಡ್ಡದ ತೊರೆಯನ್ನು ಹೋಲಿಕೆಗಾಗಿ ಹುಡುಕಬೇಕಾಗುತ್ತದೆ.

ನಮ್ಮಲ್ಲಿ ಕಲ್ಲಿದ್ದಲಿಲ್ಲ. ಆದರೂ ನಮ್ಮ ಸುರಂಗಗಳ ನೀರಿನ ಲೆಕ್ಕವು ನಮ್ಮಲ್ಲಿ ಯಾರ ಮನೆಯಲ್ಲಿದೆ? ಬರುವ ಶನಿವಾರದಿಂದ ಎಂಟನೆಯ ತರಗತಿಯವರು ಅದನ್ನು ಬರೆಯತೊಡಗುವರು. ಪೋಷಕರು ತಮ್ಮ ಮಕ್ಕಳ ಕೈಯಲ್ಲಿ ಒಂದೊಂದು ಶುಭ್ರವಾದ ಸೀಸೆಯನ್ನು ಕಳುಹಿಸಿಕೊಡಬೇಕಾಗಿ ವಿನಂತಿ. ಎಣ್ಣೆಯ ಸೀಸೆ ಬೇಡ.